ಪಡುವಲಿಗೆ ಗೂಡಜ್ಜ

ಜಗಳೂರು
14-11-1938

ಬುಡನಣ್ಣನಿಗೆ ಶಿವಗಂಗಮ್ಮ ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು.

ಮೊದಲಿಗೆ ಒಂದು ಕಥೆ. ಇದನ್ನು ನಮಗೆ ಹೇಳಿದವರು ಕಂಬಳಿ ಮಾರುವ ಉಚ್ಚಂಗೆಪ್ಪ. ಹೇಳಿದ್ದು ಗೌರಿ ಹುಣ್ಣಿಮೆಯ ಮಾರನೆಯ ದಿನ, ನಮ್ಮಣ್ಣನ ಮನೆಯ ಜಗಲಿಯ ಮೇಲೆ. ಗ್ರಹಣ ನೋಡಲು ಎದ್ದಿದ್ದರಿಂದ ಕೂತವರೆಲ್ಲರ ಕಣ್ಣೂ ಕೆಂಪಾಗಿತ್ತು. ಯಾವುದೋ ಊರಂತೆ. ಅಲ್ಲೊಂದು ಬಿದ್ದ ಮನೆಯಂತೆ. ಮುಂದಿನ ಗೋಡೆ ಉರುಳಿ, ನಡುಮನೆಯ ಗೋಡೆ ಬೀದಿಗೆ ಕಾಣುವಂತಾಗಿದೆಯಂತೆ. ಆ ಗೋಡೆಯ ಗೂಡಿನಲ್ಲಿ ಒಂದು ಸಂಜೆ ತಾನಾಗಿ ದೀಪ ಹತ್ತಿತಂತೆ. ಎಣ್ಣೆ ಹಾಕಿದವರಿಲ್ಲ, ಬತ್ತಿ ಹೊಸೆದವರಿಲ್ಲ. ಒಳಗೆ ಯಾರೋ ಹಿರಿಯರು ಐಕ್ಯವಾಗಿದ್ದಾರೆಂದು ಈಗ ಹೋಗಿಬರುವವರೆಲ್ಲ ಕೈ ಮುಗಿಯುತ್ತಾರಂತೆ. ಊರಿನ ಹೆಸರು ಕೇಳಿದರೆ ಉಚ್ಚಂಗೆಪ್ಪ ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು ಸುಮ್ಮನಾದರು. ನೀವು ಎತ್ತಿಗೆ ಲಾಳ ಕಟ್ಟುತ್ತ ಹತ್ತು ಸಂತೆ ತಿರುಗುವವರು. ಆ ಊರು ಯಾವುದೆಂದು ನಿಮಗೇನಾದರೂ ಗೊತ್ತೇ? ಸುಮ್ಮನೆ ಕೇಳಿದೆ.

ಇನ್ನು ನಿಮ್ಮ ನೋಟೀಸು. ತಲುಪಿದೆ. ಲಾಳದ ಕೆಲಸದ ಜೊತೆಗೆ ಎಣ್ಣೆ ಎಂಜಿನ್ ಇಟ್ಟು ಹಿಟ್ಟಿನ ಗಿರಣಿ ಹಾಕಬೇಕೆಂದಿದ್ದೀರಿ. ಅರ್ಜಿ ಕೊಡುವ ಮೊದಲು ಸುತ್ತಲಿನ ನೆರೆಯವರಿಗೆಲ್ಲ ತಿಳಿಸಿ, ತಕರಾರಿಲ್ಲವೆಂದು ಸಹಿ ತರಬೇಕೆಂದು ಕಚೇರಿಯವರು ಹೇಳಿದ್ದಾರೆ. ಬಡಗಲಿಗೆ ಬೀದಿ. ಮೂಡಲಿಗೆ ಜಂಪಣ್ಣನ ಕಣ, ಅವನು ಸಹಿ ಹಾಕಿದ್ದಾನೆ. ತೆಂಕಲಿಗೆ ಹಾಲಸ್ವಾಮಿಗಳ ಹಿತ್ತಲು, ಅವರೂ ಹಾಕಿದ್ದಾರೆ. ಪಡುವಲಿಗೆ ನನ್ನ ಮನೆ. ಮನೆ ಎಂದರೆ ಈಗ ಮನೆಯಲ್ಲ, ಜಾಗ. ಯಜಮಾನರು ತೀರಿಕೊಂಡು, ಆಮೇಲಿನ ಮಳೆಗೆ ಮಾಡೂ ಬಿದ್ದು, ನಾನು ಅಣ್ಣ ಷಣ್ಮುಖಪ್ಪನ ಜೊತೆ ಇಲ್ಲಿಗೆ ಬಂದದ್ದು ನಿಮಗೆ ಗೊತ್ತೇ ಇದೆ. ಈ ಭೂಮಿಯ ಮೇಲೆ ನನ್ನದೆಂದು ಉಳಿದಿರುವುದು ಅದೊಂದೇ. ಆದ್ದರಿಂದ ಸಹಿಗೆ ಅವಸರ ಮಾಡಬೇಡಿ. ಯೋಚಿಸಿ ಬರೆಯುತ್ತೇನೆ.

ಮನೆಯಲ್ಲಿ ಅಖ್ತರಕ್ಕನಿಗೆ ನನ್ನ ನೆನಪು ಹೇಳಿ.

ಶಿವಗಂಗಮ್ಮ


ಚನ್ನಗಿರಿ
24-11-1938

ತಂಗಿ ಶಿವಗಂಗಮ್ಮನವರಿಗೆ ಬುಡನ್‌ಸಾಬ್ ಮಾಡುವ ಸಲಾಮು. ಇಲ್ಲಿ ಎಲ್ಲರೂ ಕ್ಷೇಮ.

ಕಾಗದ ಓದಿಕೊಂಡೆವು. ಉಚ್ಚಂಗೆಪ್ಪನ ಕಥೆ ಕೇಳಿ ನಕ್ಕೆವು. ಕಂಬಳಿ ಮಾರುವವನ ಬಾಯಲ್ಲಿ ಕಥೆಯೂ ಉಣ್ಣೆಯ ಹಾಗೆ, ಎಳೆದಷ್ಟೂ ಬರುತ್ತದೆ. ಅಂಥ ಊರು ನಮ್ಮ ಕಡೆ ಇಲ್ಲ. ಇದ್ದರೆ ಹೊನ್ನಾಳಿ, ನ್ಯಾಮತಿ ಕಡೆ ಇರಬೇಕು. ಅಲ್ಲಿನ ಜನ ಹೊಳೆದಂಡೆಯವರು, ಇಂಥವನ್ನು ಬೇಗ ನಂಬುತ್ತಾರೆ.

ನಿಮ್ಮ ಜಾಗದಲ್ಲಿ ಏನೂ ಇಲ್ಲ. ಅಲ್ಲಿಗೆ ಯಾರೂ ಬರುವುದಿಲ್ಲ. ಸ್ವಚ್ಛವಾಗಿದೆ.

ಎಂಜಿನ್ ದಾವಣಗೆರೆಯಿಂದ ಗಾಡಿಯ ಮೇಲೆ ಬಂತು. ಇಳಿಸುವಾಗ ಜಂಪಣ್ಣನ ಎತ್ತುಗಳು ಬೆದರಿ ಬಸವಾಪಟ್ಟಣದ ದಾರಿ ಹಿಡಿದವು. ಈಗ ಹಿತ್ತಲಲ್ಲಿ ಗೋಣಿತಾಟು ಹೊದ್ದುಕೊಂಡು ಮದುಮಗಳ ಹಾಗೆ ಕೂತಿದೆ. ನಿಮ್ಮ ಸಹಿ ಬರುವವರೆಗೆ ಅದನ್ನು ಚಾಲೂ ಮಾಡುವಂತಿಲ್ಲ. ಹೆಂಗಸರು ಬಂದು ತಟ್ಟಿ ನೋಡಿ, "ಇದು ರಾಗಿ ಬೀಸತೈತೋ, ನಮ್ಮನ್ನೇ ಬೀಸತೈತೋ" ಎಂದು ಕೇಳಿ ಹೋಗುತ್ತಾರೆ. ಸದ್ದಿನ ಚಿಂತೆ ನಿಮಗೆ ಬೇಡ. ನೀವು ಇರುವುದು ಜಗಳೂರಿನಲ್ಲಿ, ಅಲ್ಲಿಯವರೆಗೆ ಕೇಳಿಸುವುದಿಲ್ಲ.

ಅಖ್ತರ್‌ಬೀ ಏನೋ ಬರೆಸಬೇಕು ಎನ್ನುತ್ತಿದ್ದಳು. ಕಾರ್ಡಿನಲ್ಲಿ ಜಾಗ ಸಾಲಲಿಲ್ಲ.

ಬುಡನ್‌ಸಾಬ್


ಜಗಳೂರು
5-12-1938

ಬುಡನ್‌ಸಾಬರಿಗೆ ನಮಸ್ಕಾರ. ಕ್ಷೇಮ.

ನಾನು ಕೇಳಿದ್ದು ಯಾವುದೋ ಊರಿನ ಕಥೆ. ನೀವು ಉತ್ತರ ಕೊಟ್ಟದ್ದು ನನ್ನ ಜಾಗದ ವಿಷಯಕ್ಕೆ. ಅಲ್ಲಿಗೆ ಯಾರಾದರೂ ಬರುತ್ತಾರೆಯೇ ಎಂದು ನಾನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನಿಮಗೂ ಗೊತ್ತು, ನನಗೂ ಗೊತ್ತು. ಹೆಚ್ಚು ಹೇಳುವುದಿಲ್ಲ.

ಎರಡು ಮಾತು ತಿಳಿಸಿ. ನಮ್ಮ ನಡುಮನೆಯ ಗೋಡೆ ನಿಂತಿದೆಯೇ? ಅದರ ಗೂಡಿನಲ್ಲಿ ಈಗ ಏನಿದೆ? ಮಾಡು ಬಿದ್ದ ಜಾಗ ತಾನಾಗಿ ಸ್ವಚ್ಛವಾಗುವುದನ್ನು ನಾನು ಎಲ್ಲೂ ಕಂಡಿಲ್ಲ. ಗುಡಿಸುವವರು ಯಾರು?

ಇನ್ನೊಂದು. ನಾನು ಸಹಿ ಹಾಕುವ ಮೊದಲು ನೀವು ನನಗೊಂದು ಬರಹ ಕೊಡಬೇಕು. ಪಡುವಲಿನ ಜಾಗದಲ್ಲಿ ನಿಮಗಾಗಲಿ, ನಿಮ್ಮ ಕಡೆಯವರಿಗಾಗಲಿ, ಯಾವ ಹಿರಿಯರ ಹೆಸರಿನಲ್ಲಾಗಲಿ ಯಾವ ಹಕ್ಕೂ ಇಲ್ಲವೆಂದು. ಹಾಲಸ್ವಾಮಿಗಳ ಸಾಕ್ಷಿ ಇರಲಿ.

ಅಖ್ತರಕ್ಕ ಏನು ಬರೆಸಬೇಕೆಂದಿದ್ದರು? ಕಾರ್ಡು ಸಾಲದಿದ್ದರೆ ಕವರು ಸಿಗುತ್ತದೆ.

ಶಿವಗಂಗಮ್ಮ


ಚನ್ನಗಿರಿ
19-12-1938

ಶಿವಗಂಗಮ್ಮನವರಿಗೆ.

ನಿಮ್ಮ ಯಜಮಾನರು ಇದ್ದಾಗ ನಮ್ಮ ನಿಮ್ಮ ನಡುವೆ ಬರಹದ ಮಾತು ಬಂದಿರಲಿಲ್ಲ. ನಮ್ಮ ಮನೆಯ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಸಿಹಿ ಚೋಂಗೆ ರೊಟ್ಟಿ ಬೇಯುತ್ತಿತ್ತು, ನಿಮ್ಮ ಮನೆಯ ಹಬ್ಬಕ್ಕೆ ನಮ್ಮ ಅಂಗಳದಲ್ಲಿ ಹೂರಣ ರುಬ್ಬುತ್ತಿದ್ದರು. ಈಗ ಹಕ್ಕಿಲ್ಲವೆಂದು ಬರೆದುಕೊಡಬೇಕಂತೆ. ಇಲ್ಲದ ಹಕ್ಕನ್ನು ಇಲ್ಲವೆಂದು ಬರೆಯುವುದು ಹೇಗೆ? ಬರೆದರೆ ಇತ್ತು ಎಂದಾಗುತ್ತದೆ. ನಾನು ಬರೆಯುವುದಿಲ್ಲ.

ಗೋಡೆ ನಿಂತಿದೆ. ಗೂಡು ಇದೆ. ಗೂಡಿನಲ್ಲಿ ಏನಿರುತ್ತದೆ? ಗುಬ್ಬಿ ಇದ್ದರೂ ಇರಬಹುದು, ನಾನು ಕೈ ಹಾಕಿ ನೋಡಿಲ್ಲ.

ಈ ಮಾತುಗಳು ನಿಮ್ಮವಲ್ಲ ಎಂದು ನನಗೆ ಗೊತ್ತು. ಹೋದ ತಿಂಗಳು ನಿಮ್ಮಣ್ಣ ಷಣ್ಮುಖಪ್ಪನವರು ಇಲ್ಲಿಗೆ ಬಂದು ಅಡಿಕೆ ಮಂಡಿಯವರ ಜೊತೆ ಓಡಾಡಿದ್ದನ್ನು ಕಂಡವರಿದ್ದಾರೆ. ನಿಮ್ಮ ಜಾಗದ ಮುಂದೆ ನಿಂತು ಹೆಜ್ಜೆ ಹಾಕಿ ಅಳತೆ ನೋಡಿದರಂತೆ. ಪಕ್ಕದಲ್ಲೇ ಇರುವ ನಮ್ಮ ಬಾಗಿಲಿಗೆ ಬಂದು ಒಂದು ಲೋಟ ನೀರು ಕೇಳಲಿಲ್ಲ. ನನ್ನ ಗಿರಣಿ ನಿಲ್ಲಿಸಿ, ಆ ಜಾಗವನ್ನು ಮಂಡಿಯವರಿಗೆ ಕೊಡುವ ಯೋಚನೆ ಇದ್ದರೆ ನೇರವಾಗಿ ಹೇಳಿಬಿಡಿ. ಕಥೆ ಕಟ್ಟಬೇಡಿ.

ಬುಡನ್‌ಸಾಬ್


ಜಗಳೂರು
2-1-1939

ಶ್ರೀ ಬುಡನ್‌ಸಾಬ್ ಅವರಿಗೆ.

ಕಥೆ ಕಟ್ಟಿದವಳು ನಾನಲ್ಲ. ಉಚ್ಚಂಗೆಪ್ಪ ಅಂದೇ ಊರಿನ ಹೆಸರು ಹೇಳಿದ್ದರು. ಚನ್ನಗಿರಿ. ಬೀದಿಯನ್ನೂ ಹೇಳಿದ್ದರು. ನೀವು ಏನು ಹೇಳುತ್ತೀರಿ ನೋಡೋಣವೆಂದು ನಾನು ಹೆಸರು ನುಂಗಿದೆ. ನೀವು ಹೊನ್ನಾಳಿಯನ್ನು ತೋರಿಸಿದಿರಿ.

ಉಚ್ಚಂಗೆಪ್ಪ ನಿನ್ನೆ ಮತ್ತೆ ಬಂದಿದ್ದರು. ಚನ್ನಗಿರಿಯಲ್ಲಿ ಬರೀ ದೀಪವಿತ್ತಂತೆ. ಇವರು ಹೊನ್ನಾಳಿಗೆ ಹೋಗುವಷ್ಟರಲ್ಲಿ ಅದಕ್ಕೆ ಗೂಡಜ್ಜ ಎಂಬ ಹೆಸರು ಬಂದಿತ್ತಂತೆ. ನ್ಯಾಮತಿಗೆ ಹೋದರೆ ಅಲ್ಲಿ ಅಜ್ಜನಿಗೆ ಬಿಳಿ ಕುದುರೆಯೂ ಬಂದಿತ್ತಂತೆ. ನಮ್ಮ ಜಗಲಿಯ ಮೇಲೆ ಜನ ನಕ್ಕರು. ನನಗೆ ನಗು ಬರಲಿಲ್ಲ. ಈಗ ಚನ್ನಗಿರಿಯ ಆ ಗೂಡಿಗೆ ಸೋಮವಾರ ಕಾಯಿ ಒಡೆಯುವವರಂತೆ, ಗುರುವಾರ ಲೋಬಾನ ಹಾಕುವವರಂತೆ. ಗೂಡಿನ ಬಲಗಡೆ ಅಜ್ಜನ ಹೆಬ್ಬೆರಳಿನ ಗುರುತಿದೆಯಂತೆ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಂತೆ. ಹರಕೆ ಹೊತ್ತವರು ಕಟ್ಟೆ ಕಟ್ಟಲು ಕಲ್ಲು ಮಣ್ಣು ತಂದು ಹಾಕುತ್ತಿದ್ದಾರಂತೆ. ದಿನವೂ ಎಣ್ಣೆ ಹಾಕುವುದು ನಿಮ್ಮ ಮನೆಯವರು, ತಾನೇ ಕಣ್ಣಾರೆ ಕಂಡೆ ಎಂದರು ಉಚ್ಚಂಗೆಪ್ಪ. ಗುಬ್ಬಿಗೆ ಯಾರಾದರೂ ಎಣ್ಣೆ ಹಾಕುತ್ತಾರೆಯೇ?

ಕಟ್ಟೆ ಎದ್ದ ಮೇಲೆ ಅದು ಯಾರ ಜಾಗ ಎಂದು ಕೇಳುವವರಿಲ್ಲ. ಅಜ್ಜನ ಜಾಗವಾಗುತ್ತದೆ. ಅಜ್ಜನ ಪಕ್ಕದಲ್ಲಿ ಇರುವವರು ನೀವು. ಮೊದಲು ದೀಪ, ಆಮೇಲೆ ಕಟ್ಟೆ, ಆಮೇಲೆ ಗಿರಣಿಗೆ ಬಂದವರು ಚೀಲ ಇಳಿಸಲು ನೆರಳು. ನನಗೆ ಅಷ್ಟೂ ಅರ್ಥವಾಗುವುದಿಲ್ಲವೆಂದು ತಿಳಿದಿರಾ?

ನನ್ನ ತಕರಾರನ್ನು ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನನ್ನ ಜಾಗದಲ್ಲಿ ನೆರೆಯವರು ಗದ್ದುಗೆ ಎಬ್ಬಿಸಿದ್ದಾರೆ, ಬಂದು ನೋಡಬೇಕು, ಅಲ್ಲಿಯವರೆಗೆ ಗಿರಣಿಗೆ ಅಪ್ಪಣೆ ಕೊಡಬಾರದು ಎಂದು ಬರೆದಿದ್ದೇನೆ.

ಅಣ್ಣನ ವಿಷಯ ಅಣ್ಣನಿಗೆ ಬಿಡಿ. ಅವನು ಹೋಗಿದ್ದು ದಾವಣಗೆರೆಗೆ.

ಶಿವಗಂಗಮ್ಮ


ಜಗಳೂರು
30-1-1939

ಬುಡನ್‌ಸಾಬ್ ಅವರಿಗೆ.

ನನ್ನ ಕಾಗದಕ್ಕೆ ಉತ್ತರವಿಲ್ಲ. ಕಚೇರಿಯಿಂದಲೂ ಸುದ್ದಿಯಿಲ್ಲ. ಸುಮ್ಮನಿರುವವರು ತಪ್ಪು ಮಾಡಿದವರೆಂದು ತಿಳಿಯಬೇಕೆ, ಇಲ್ಲ ಇಷ್ಟರಲ್ಲಿ ಕಟ್ಟೆ ಎದ್ದುಬಿಟ್ಟಿತೆಂದು ತಿಳಿಯಬೇಕೆ?

ಶಿವಗಂಗಮ್ಮ


ಚನ್ನಗಿರಿ
6-2-1939

ಶಿವಗಂಗಮ್ಮನವರಿಗೆ.

ಕಚೇರಿಯವರು ಬಂದಿದ್ದರು. ಸೋಮವಾರ, ಗುರುವಾರ ಬಿಟ್ಟು ಬೇರೆ ದಿನ ಬಂದಿದ್ದರೆ ಕಾಗೆ ಬಿಟ್ಟು ಯಾರೂ ಇರುತ್ತಿರಲಿಲ್ಲ. ಬಂದದ್ದು ಗುರುವಾರ ಸಂಜೆ. ಕೆರೆಬಿಳಚಿಯಿಂದ, ಬಸವಾಪಟ್ಟಣದಿಂದ ಗಾಡಿ ಕಟ್ಟಿಕೊಂಡು ಬಂದವರು ಬೀದಿ ತುಂಬ ಇದ್ದರು. ಗುಮಾಸ್ತರು ಕಿವಿಯಿಂದ ಪೆನ್ಸಿಲು ತೆಗೆದು, "ಪಡುವಲಿಗೆ ಏನೈತೆ?" ಎಂದು ಕೇಳಿದರು. ಶಿವಗಂಗಮ್ಮನವರ ಬಿದ್ದ ಮನೆ ಎಂದೆ ನಾನು. ಕೆರೆಬಿಳಚಿಯ ಬಂಗಾರಮ್ಮ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದಳು. ಮದುವೆಯಾಗಿ ಬಹಳ ವರ್ಷಕ್ಕೆ, ಈ ಗೂಡಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು.

"ಮನೆ ಅಲ್ರೀ ಸ್ವಾಮಿ, ಗೂಡಜ್ಜನ ಗದ್ದುಗೆ. ಬೇಕಾದ್ರೆ ಈ ಕೂಸನ್ನ ಕೇಳ್ರಿ."

"ಕೂಸಿನ ಹೇಳಿಕೆ ನಡೆಯಂಗಿಲ್ಲ. ಗದ್ದುಗೆಗೆ ಯಜಮಾನ್ರು ಯಾರು?"

ಹಿಂದಿನಿಂದ ಯಾರೋ "ಅಜ್ಜನೇ" ಎಂದರು.

"ಹಂಗಾದ್ರೆ ನೋಟೀಸನ್ನ ಅಜ್ಜನಿಗೇ ಕೊಡಬೇಕಾಗತೈತೆ" ಎಂದು ಗುಮಾಸ್ತರು ಒಂದು ಪ್ರತಿಯನ್ನು ಮಡಿಸಿ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇಟ್ಟರು. ಗಾಳಿ ಬೀಸಿ ಅದರ ಮೂಲೆಗೆ ಬೆಂಕಿ ಹತ್ತಿತು. ಗಿರಣಿಗೆ ಅಜ್ಜನ ಒಪ್ಪಿಗೆ ಇಲ್ಲವೆಂದು ಜನ ಒಟ್ಟಿಗೆ ಕೈ ಮುಗಿದರು. ಗುಮಾಸ್ತರು ಪಡುವಲಿಗೆ ಗೂಡಜ್ಜನ ಗದ್ದುಗೆ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು ಹೋದರು. ಯುಗಾದಿಯೊಳಗೆ ಯಾರೂ ಬಂದು ಅದು ಹಾಗಲ್ಲವೆಂದು ರುಜುವಾತು ಮಾಡದಿದ್ದರೆ ಅದನ್ನೇ ಮಸಿಯಲ್ಲಿ ಬರೆಯುತ್ತಾರಂತೆ.

ನೀವು ತಕರಾರು ಕಳಿಸದಿದ್ದರೆ ಅವರು ಬರುತ್ತಿರಲಿಲ್ಲ. ಬಾಯಿಮಾತಿನಲ್ಲಿ ಇದ್ದ ಅಜ್ಜನನ್ನು ಕಾಗದಕ್ಕೆ ಹತ್ತಿಸಿದವರು ನೀವು. ನನ್ನ ಗಿರಣಿ ಹೋಯಿತು ಎಂದು ನಿಮಗೆ ಸಂತೋಷವಾಗಬಹುದು. ನಿಮ್ಮ ಜಾಗವೂ ಅದರ ಹಿಂದೆಯೇ ಹೊರಟಿದೆ.

ಇನ್ನು ಮುಂದೆ ಹೇಳುವುದು ಅಖ್ತರ್‌ಬೀ. ನನ್ನ ಪಕ್ಕದಲ್ಲಿ ಕೂತು, ಒಂದಕ್ಷರ ಬಿಟ್ಟರೂ ಅನ್ನ ಇಕ್ಕುವುದಿಲ್ಲ ಎನ್ನುತ್ತಿದ್ದಾಳೆ. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

"ಗಂಗವ್ವ, ನಿನಗೇನು ಬುದ್ಧಿ ಕೆಟ್ಟೈತಾ? ಬಸ್ಸು ಹತ್ತುವಾಗ ನನ್ನ ಕೈ ಹಿಡಕಂಡು ಏನಂದಿ? ಅಕ್ಕಾ, ಮನೆ ಕಡೆ ಒಂದು ಕಣ್ಣಿಟ್ಟಿರು ಅಂದಿ. ಇಟ್ಟೆ. ಮಾಡು ಮೊದಲೇ ಬಿದ್ದಿತ್ತು, ಆಮೇಲೆ ಮುಂದಿನ ಗೋಡೆನೂ ಬಿತ್ತು. ಒಬ್ಬ ಬಂದು ಎಮ್ಮೆ ಕಟ್ಟಿದ, ಇನ್ನೊಬ್ಬ ತಿಪ್ಪೆ ಹಾಕಿದ. ಕೇಳಿದ್ರೆ, ದೀಪ ಹತ್ತದ ಮನೆ ಪಾಳು, ಪಾಳು ಎಲ್ಲಾರದೂ ಅಂದ್ರು. ಹಾಲಸ್ವಾಮಿಗಳೂ ಹೌದು ಅಂದ್ರು. ಕತ್ತಲಾಗೆ ಕಣ್ಣಿಗೆ ಏನು ಕಾಣತೈತೆ? ದೀಪ ಇಟ್ಟೆ. ನೀನು ಇಡ್ತಿದ್ದ ಗೂಡಿನಾಗೇ ಇಟ್ಟೆ. ಸೋಮವಾರ ನಿನ್ನ ಲೆಕ್ಕಕ್ಕೆ, ಗುರುವಾರ ನನ್ನ ಲೆಕ್ಕಕ್ಕೆ. ಎಮ್ಮೆಯವನು ಎಮ್ಮೆ ಬಿಚ್ಚಿಕಂಡು ಹೋದ. ತಿಪ್ಪೆ ನಿಂತಿತು. ನಾನು ಗೆದ್ದೆ ಅಂದ್ಕಂಡೆ. ಆಮೇಲೆ ಸೋಮವಾರ ನೋಡಿದೋರು ಯಾರೋ ಶರಣರು ಅಂದ್ರು, ಗುರುವಾರ ನೋಡಿದೋರು ಯಾರೋ ವಲಿಗಳು ಅಂದ್ರು. ನಾನು ಇಟ್ಟಿದ್ದು ಕಣ್ರೋ ಅಂದ್ರೆ, ಅಜ್ಜನೇ ನಿನ್ನ ಕೈಯಿಂದ ಇಡಿಸಿದ್ದು ಅಂತಾರೆ. ಒಂದು ವಾರ ಇಡದೆ ಬಿಟ್ಟೆ. ಅವರೇ ಮನೆಯಿಂದ ದೀಪ ತಂದ್ರು. ನಾನೇನು ಮಾಡಾಕೆ ಬರತೈತೆ? ಇವರಿಗೆ ಬರೀರಿ ಬರೀರಿ ಅಂದೆ, ಕಾರ್ಡು ಸಾಲಲಿಲ್ಲ ಅಂತ ಸುಳ್ಳು ಬರೆದ್ರು. ನೀನು ಬಾ. ಬಂದು ನಿನ್ನ ಬಾಯಿಂದ ಹೇಳು. ನನ್ನ ಮಾತು ಯಾರೂ ಕೇಳದಿಲ್ಲ."

ನನ್ನ ಮಾತೂ ಒಂದಿದೆ. ನನ್ನ ಹೆಂಡತಿ ನಿಮ್ಮ ಗೋಡೆಗೆ ದೀಪ ಇಡುತ್ತಾಳೆಂದು ಬರೆದಿದ್ದರೆ ನೀವು ಅಂದೇ ತಕರಾರು ಕಳಿಸುತ್ತಿದ್ದಿರಿ. ಇಲ್ಲಿ ಅಜ್ಜನಿಲ್ಲವೆಂದು ಸಾರಿದ್ದರೆ ನಾಳೆ ನನ್ನ ಗಿರಣಿಗೆ ಬರಬೇಕಾದ ಜನರೇ ನನ್ನ ಬಾಗಿಲು ಮುರಿಯುತ್ತಿದ್ದರು. ನಾನು ಸುಮ್ಮನಿದ್ದದ್ದು ಅದಕ್ಕೆ.

ಬುಡನ್‌ಸಾಬ್


ಜಗಳೂರು
14-2-1939

ಬುಡನ್‌ಸಾಬರಿಗೆ.

ಅಖ್ತರಕ್ಕನ ಮಾತು ನಂಬಿದೆ. ಅಂಥ ಬೈಗುಳ ಸುಳ್ಳಿನಲ್ಲಿ ಬರುವುದಿಲ್ಲ. ನಿಮ್ಮ ಮಾತನ್ನು ಇನ್ನೂ ಪೂರ್ತಿ ನಂಬಿಲ್ಲ. ಕಣ್ಣಿಂದ ನೋಡುವವರೆಗೆ ನಂಬುವುದೂ ಇಲ್ಲ.

ಅಣ್ಣನನ್ನು ಕೇಳಿದೆ. ಮೊದಲು ದಾವಣಗೆರೆ ಎಂದ. ಆಮೇಲೆ ಒಪ್ಪಿಕೊಂಡ. ಮಂಡಿಯವರಿಗೆ ನನ್ನ ಜಾಗ ತೋರಿಸಲು ಬಂದಿದ್ದನಂತೆ, ನನಗೆ ಹೇಳದೆ. ಗದ್ದುಗೆ ಇರುವ ಜಾಗದಲ್ಲಿ ಗೋದಾಮು ಕಟ್ಟುವ ಧೈರ್ಯ ನಮಗಿಲ್ಲವೆಂದು ಅವರು ಕೈ ಮುಗಿದು ಹೋದರಂತೆ. ಇಲ್ಲದ ಅಜ್ಜ ಅಷ್ಟು ಮಾತ್ರ ಉಪಕಾರ ಮಾಡಿದ್ದಾನೆ.

ನಿಮಗೆ ಬರೆಯದೆ ಇದ್ದದ್ದು ನನ್ನಲ್ಲೂ ಒಂದಿದೆ. ಇಲ್ಲಿಗೆ ಬಂದಾಗ ನನ್ನ ಪೆಟ್ಟಿಗೆ ನಡುಮನೆಯಲ್ಲಿತ್ತು. ಹೋದ ವರ್ಷ ಅದು ಹಿಂದಿನ ಪಡಸಾಲೆಗೆ ಹೋಯಿತು. ಈ ಸಂಕ್ರಾಂತಿಗೆ ಕೊಟ್ಟಿಗೆಗೆ ಹೋಗಿದೆ. ಯಾರೂ ಏನೂ ಅನ್ನುವುದಿಲ್ಲ, ಪೆಟ್ಟಿಗೆ ಮಾತ್ರ ನಡೆಯುತ್ತದೆ. ಅದು ಬೀದಿಗೆ ಇಳಿಯುವ ಮುಂಚೆ ನಾನು ನನ್ನ ಜಾಗದಲ್ಲಿ ಒಂದು ಕೋಣೆ ಎಬ್ಬಿಸಿಕೊಂಡು ಇರಬೇಕು ಎಂದಿದ್ದೇನೆ. ಅದಕ್ಕೇ ನಿಮ್ಮ ನೋಟೀಸು ಬಂದಾಗ ಸಹಿ ಹಾಕದೆ ತಡೆದೆ.

ಶಿವರಾತ್ರಿ ಕಳೆದ ಸೋಮವಾರ ಬರುತ್ತೇನೆ. ಹರಕೆಯ ಜನ ಇರುವ ಹೊತ್ತಿಗೇ ಬರುತ್ತೇನೆ. ನೋಟೀಸು ಜೊತೆಯಲ್ಲಿ ತರುತ್ತೇನೆ. ಸಹಿ ಹಾಕುತ್ತೇನೆಂದು ತಿಳಿಯಬೇಡಿ.

ಶಿವಗಂಗಮ್ಮ


ಚನ್ನಗಿರಿ
23-2-1939

ತಂಗಿ ಶಿವಗಂಗಮ್ಮನಿಗೆ ಬುಡನಣ್ಣ ಮಾಡುವ ಸಲಾಮು.

ಮೊದಲು ಕೆಟ್ಟ ಸುದ್ದಿ. ನಾನು ನಿಮ್ಮ ಮೇಲೆ ತಕರಾರು ಕೊಡಬೇಕಾಗಿ ಬಂದಿದೆ. ಕಾರಣ ಕೊನೆಗೆ ಬರೆಯುತ್ತೇನೆ. ನಡುವೆ ಬಿಟ್ಟು ಓದಬೇಡಿ.

ಸೋಮವಾರ ಸಂಜೆ ನೀವು ಗೂಡಿನ ಮುಂದೆ ನಿಂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇಲ್ಲಿ ಅಜ್ಜನಿಲ್ಲ, ಹೋಗಿ ಎಂದು ಜಗಳ ತೆಗೆಯುತ್ತೀರೆಂದು ನಾನು ಬಾಗಿಲ ಅಗಳಿ ಸರಿ ಮಾಡಿಟ್ಟುಕೊಂಡಿದ್ದೆ. ನೀವು ಕಥೆ ಹೇಳಿದಿರಿ. ಈ ಮನೆಗೆ ಸೊಸೆಯಾಗಿ ಬಂದದ್ದು, ಮೊದಲ ದಿನ ಅತ್ತೆ ಈ ಗೂಡು ತೋರಿಸಿ ದೀಪ ಕೈಗೆ ಕೊಟ್ಟದ್ದು. ಜನ ಕೂತು ಕೇಳಿದರು. ಆಮೇಲೆ ಬಂಗಾರಮ್ಮ ಅಜ್ಜನ ಹೆಬ್ಬೆರಳು ತೋರಿಸಿ, ಇದೇನು ಹಂಗಾದ್ರೆ ಎಂದು ಕೇಳಿದಳು. ಆಗ ನೀವು ಹೇಳಿದಿರಲ್ಲ:

"ಅದು ನಮ್ಮ ಯಜಮಾನ್ರು ಚುಟ್ಟ ಹಚ್ಚಾಕೆ ದೀಪ ಓರೆ ಮಾಡ್ತಿದ್ದ ಕಪ್ಪು. ದಿನಾ ಬೈತಿದ್ದೆ, ಗೋಡೆ ಹಾಳಾಗತೈತೆ ಅಂತ. ಅವರು ಹೋದ ಮೇಲೆ ಸುಣ್ಣ ಹೊಡೆಯುವಾಗ ಅಷ್ಟು ಜಾಗ ಬಿಟ್ಟು ಹೊಡೆದೆ."

ಕಾಯಿ ತಂದವರು ಕಾಯಿ ಹಿಡಿದುಕೊಂಡೇ ಎದ್ದು ಹೋದರು. ದೂರದ ಊರಿನವರು ಹಾಲಸ್ವಾಮಿಗಳ ಜಗಲಿಯಲ್ಲಿ ಮಲಗಲು ಹೋದರು. ನೀವು ನಮ್ಮ ಮನೆಯಲ್ಲಿ ಉಂಡಿರಿ. ನೋಟೀಸನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಜನ ಮುನಿಸಿಕೊಂಡು ಹೋದರೆಂದು, ನಾಳೆ ಗೋಡೆಯನ್ನೇ ಕೆಡವುತ್ತಾರೆಂದು ನೀವು ಹೆದರಿದಿರಿ. ನಾನೂ ಹೆದರಿದೆ, ನನ್ನ ಎಂಜಿನ್ನಿಗೆ. ಕತ್ತಲಿರುವಾಗಲೇ ಪೆಟ್ಟಿಗೆ ತರುತ್ತೇನೆಂದು ಮೊದಲ ಬಸ್ಸು ಹತ್ತಿದಿರಿ. ಅದರ ಮುಂದಿನದು ನಿಮಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ, ಈ ಸಲ ಕವರಿನಲ್ಲಿ.

ಜಗಲಿಯಲ್ಲಿ ಮಲಗಿದವರು ಮಲಗಲಿಲ್ಲವಂತೆ. ಹಾಲಸ್ವಾಮಿಗಳು ಬೆಳಿಗ್ಗೆ ಹೇಳಿದರು. ಅಜ್ಜನಿಲ್ಲದಿದ್ದರೆ ಹೊತ್ತ ಹರಕೆ ಯಾರಿಗೆ ಸಲ್ಲಿಸಬೇಕು ಎಂಬುದೇ ಮಾತಂತೆ. ಹರಕೆ ಬಿಟ್ಟರೆ ಕೇಡು, ಸಲ್ಲಿಸಲು ದೇವರಿಲ್ಲ. ಒಬ್ಬರು ಬೇರೆ ಗುಡಿಗೆ ಕೊಡೋಣವೆಂದರು, ಇನ್ನೊಬ್ಬರು ದರ್ಗಾಕ್ಕೆ ಎಂದರು. ಅದು ಮುಗಿಯುವ ಜಗಳವಾಗಿರಲಿಲ್ಲ. ಕೊನೆಗೆ ಬಂಗಾರಮ್ಮ ಮಾತಾಡಿದಳಂತೆ.

"ಅಜ್ಜ ಸುಳ್ಳಾದ್ರೂ ನನ್ನ ಕೂಸು ಸುಳ್ಳಲ್ಲ. ನಾನು ಕೈ ಮುಗಿದಿದ್ದು ದೀಪಕ್ಕೆ. ದೀಪ ಆ ಮನೀದು. ಹರಕೆ ಮನೀಗೇ ಸಲ್ಲಬೇಕು."

ಮಾರನೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಕಥೆ ಕೇಳಿದವರೆಲ್ಲ ಬಂದಿದ್ದರು. ನಾನು ಲಾಳದ ಸುತ್ತಿಗೆ ಹಿಡಿದು ಎಂಜಿನ್ನಿನ ಮುಂದೆ ನಿಂತೆ. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಟ್ಟೆಗೆಂದು ತಂದು ಹಾಕಿದ್ದ ಕಲ್ಲನ್ನೆಲ್ಲ ಎತ್ತಿ, ನಿಮ್ಮ ಮುಂದಿನ ಗೋಡೆ ಬಿದ್ದ ಕಡೆಗೆ ಸಾಗಿಸಿದರು. ಗಂಡಸರು ಮಣ್ಣು ತುಳಿದರು, ಹೆಂಗಸರು ಪುಟ್ಟಿಯಲ್ಲಿ ಹೊತ್ತರು. ಗುರುವಾರದ ಜನಕ್ಕೆ ಸುದ್ದಿ ಹೋಗಿ ಅವರೂ ಬಂದರು. ಎಲ್ಲರೂ ಬಂದರೆಂದು ಹೇಳಲಾರೆ. ಕೆಲವರು ಬೀದಿಯ ಆಚೆ ನಿಂತು, ಇದೆಲ್ಲ ಬುಡನ್‌ಸಾಬನ ಕಿತಾಪತಿ, ಗಿರಣಿಗೋಸ್ಕರ ಅಜ್ಜನನ್ನು ಓಡಿಸಿದ ಎಂದರು. ಇವತ್ತಿಗೂ ಅನ್ನುತ್ತಾರೆ.

ಗುಮಾಸ್ತರು ನಿನ್ನೆ ಬಂದು ನೋಡಿ ಪೆನ್ಸಿಲಿನ ಬರಹ ಅಳಿಸಿದರು. ಪಡುವಲಿಗೆ ಶಿವಗಂಗಮ್ಮನವರ ಮನೆ ಎಂದು ಮಸಿಯಲ್ಲಿ ಬರೆದರು. ಬರೆದು, ಈ ಗೋಡೆ ಎಬ್ಬಿಸುವುದಕ್ಕೆ ಅಪ್ಪಣೆ ಎಲ್ಲಿ ಎಂದು ಕೇಳಿದರು. ನೀವು ಅರ್ಜಿ ಹಾಕಬೇಕಂತೆ. ಹಾಕುವ ಮೊದಲು ಸುತ್ತಲಿನ ನೆರೆಯವರಿಗೆಲ್ಲ ನೋಟೀಸು ಕೊಡಬೇಕಂತೆ. ಮೂಡಲಿಗೆ ನಾನು.

ನನ್ನ ತಕರಾರು ಇದು. ಹರಕೆಯ ಜನ ಭಕ್ತಿಯಲ್ಲಿ ಕಟ್ಟಿದರು, ದಾರ ಹಿಡಿದು ಕಟ್ಟಲಿಲ್ಲ. ನಿಮ್ಮ ಗೋಡೆಯ ಮೂಲೆ ನನ್ನ ಅಂಗಳದೊಳಗೆ ಒಂದು ಗೇಣು ಬಂದಿದೆ. ಇದು ಅವರ ತಪ್ಪೋ, ನೀವು ಹೋಗುವ ಮುಂಚೆ ಬಂಗಾರಮ್ಮನ ಕಿವಿಯಲ್ಲಿ ಏನಾದರೂ ಹೇಳಿ ಹೋದಿರೋ, ನನಗೆ ತಿಳಿಯದು. ನಿಮ್ಮ ನೋಟೀಸು ಬರಲಿ. ಅದರ ಜೊತೆಯಲ್ಲಿ ನನ್ನದೂ ಬರಲಿ, ಸಹಿಯಾಗಿ. ಆಮೇಲೆ ಯೋಚಿಸುತ್ತೇನೆ.

ಜನ ಕಟ್ಟಲು ಬಂದ ಆ ದಿನ ಬಿಸಿಲೇರುವ ಹೊತ್ತಿಗೆ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಬೀದಿಯಲ್ಲಿ ಕೂತವರಿಗೆ ಗೂಡು ಕಾಣದಾಯಿತು. ಬಾಗಿಲಿಗೆಂದು ಜಾಗ ಬಿಟ್ಟಿದ್ದರು. ಇಷ್ಟು ದಿನ ನೆಟ್ಟಗೆ ಗೂಡಿನವರೆಗೆ ನಡೆದುಹೋಗುತ್ತಿದ್ದ ಬಂಗಾರಮ್ಮ ಆ ಜಾಗಕ್ಕೆ ಬಂದು ನಿಂತಳು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಕಾಲಿಡಲಿಲ್ಲ.

"ಮನ್ಯಾಗೆ ಯಾರದೀರ್ರೀ?" ಎಂದು ಕೂಗಿದಳು.

ಒಳಗೆ ಬತ್ತಿ ಹೊಸೆಯುತ್ತ ಕೂತಿದ್ದ ಅಖ್ತರ್‌ಬೀ, "ಬಾರವ್ವ, ಮನೆಯೋರು ಊರಿಗೆ ಹೋಗ್ಯಾರೆ, ಬರ್ತಾರೆ" ಎಂದಳು.

ಬುಡನ್‌ಸಾಬ್